ಮೂರನೆಯ ಬಕೆಟ್ಟು

ಬೆಳಗಿನ ಜಾವ ಮೂರು. ಶ್ವೇತ ಸಮುದ್ರ
ಮುನ್ನೂರು ಹೆಜ್ಜೆ ಹಿಂದೆ ಸರಿದು
ತನ್ನ ಅಡುಗೆಮನೆ ತೆರೆದಿಟ್ಟಿದೆ.
ಜೂನ್ ತಿಂಗಳು, ಕತ್ತಲೆ ರಜೆ ಹಾಕಿದೆ.
ಪಟ್ಟಣದಿಂದ ಬಂದ ಹನ್ನೊಂದು ಮಕ್ಕಳು
ಮೊಣಕಾಲುದ್ದದ ರಬ್ಬರ್ ಬೂಟಿನಲ್ಲಿ
ಕಪಿತೋಲಿನಾ ಮೇಡಂ ಹಿಂದೆ, ಬಾತಿನ ಮರಿಗಳ ಹಾಗೆ.
ಎಲ್ಲರ ಹಿಂದೆ ನಾನು, ಉಸ್ತಿನ್ಯಾ,
ಬಕೆಟ್ಟು ಹೊರುವವಳು.

ಇಪ್ಪತ್ತೆಂಟು ವರ್ಷ ಈ ಸಂಶೋಧನಾ ಠಾಣೆಯ
ಗಾಜಿನ ಭರಣಿ ತೊಳೆದಿದ್ದೇನೆ.
ಚೀಟಿಯ ಮೇಲಿನ ಲ್ಯಾಟಿನ್ ಹೆಸರು
ಬೆರಳ ಸಂದಿಯಲ್ಲಿ ನೆನೆದು, ಶಾಯಿ ಬಿಟ್ಟು,
ಮೋರಿಗೆ ಹರಿದದ್ದು ಎಷ್ಟೋ.
ಫಾರ್ಮಲಿನ್ ವಾಸನೆ ಸಾರಿಗೂ ಹತ್ತಿತೆಂದು
ಗಂಡ ಇದ್ದಷ್ಟು ದಿನ ಗೊಣಗಿದ.

ಮೊದಲ ಪಾಠ: ಸಿಕ್ಕಿದ್ದನ್ನು ವಿಂಗಡಿಸಿ.
ಲಾವ್ರೆಂತಿ ಬಣ್ಣ ನೋಡಿದ. ಕೆಂಪು ನಕ್ಷತ್ರಮೀನಿನ ಮಗ್ಗುಲಲ್ಲಿ
ಕೆಂಪು ಪಾಚಿ, ಕೆಂಪು ಏಡಿಕಾಲು.
ಗ್ಲಾಫೀರಾ ಕಾಲು ಎಣಿಸಿದಳು.
ಕಾಲಿಲ್ಲದ್ದೆಲ್ಲ ಒಂದೇ ರಾಶಿ:
ಹುಳು, ಚಿಪ್ಪು, ಮೀನಿನ ಮರಿ,
ಅವಳದೇ ಕಳಚಿಬಿದ್ದ ಕೈಗವಸು.
ಮೇಡಂ ನಗಲಿಲ್ಲ. "ಮೇಲ್ನೋಟಕ್ಕೆ ಹೋಲುವುದು ಬೇರೆ,
ಸಂಬಂಧ ಬೇರೆ," ಅಂದರು, "ಮತ್ತೆ ಮಾಡಿ."

ನಮ್ಮಪ್ಪನ ದೋಣಿಯಲ್ಲಿ ಮೂರೇ ವರ್ಗ.
ಸಾರಿಗೆ ಹೋಗುವುದು,
ನಾಯಿಗೆ ಹೋಗುವುದು,
ನೀರಿಗೇ ವಾಪಸು ಹೋಗುವುದು.
ತಿಮಿಂಗಿಲ ಮೀನೋ ಅಲ್ಲವೋ
ಯಾರೂ ತಲೆ ಕೆಡಿಸಿಕೊಳ್ಳಲಿಲ್ಲ.
ಬೆಲುಗಾ ಬಲೆ ಹರಿದರೆ ಕಳ್ಳರ ಕುಲ, ಅಷ್ಟೆ.

ನಿಫೋಂತ್ ಆಳದಿಂದ ಎಳೆದು ತಂದ ಬುಟ್ಟಿಯಲ್ಲಿ
ಕಲ್ಲಿಗಂಟಿದ ಒಂದು ಕಂದು ಚೀಲ.
ಮುದುಡಿದ ಆಲೂಗಡ್ಡೆ ಅನ್ನಿ. ಮೇಲೆ ಎರಡು ತೂತು,
ಹಿಸುಕಿದರೆ ಕಣ್ಣಿಗೇ ನೀರು ಉಗುಳುತ್ತದೆ.
ತಲೆಯಿಲ್ಲ, ಬಾಲವಿಲ್ಲ, ಮುಖವಂತೂ ಕೇಳಲೇಬೇಡಿ.
ನಾನು ಯೋಚಿಸಲೂ ಇಲ್ಲ.
ಮೂರನೆಯ ಬಕೆಟ್ಟು.

ಮೇಡಂ ತೋಳು ಮಡಚಿ ಕೈ ಹಾಕಿ ಎತ್ತಿದರು.
"ಉಸ್ತಿನ್ಯಾ, ಇದು ನಮ್ಮ ಕಡೆಯದು."

ನಮ್ಮ ಕಡೆಯದು! ಹೆಣ್ಣು ಕೊಟ್ಟು ತಂದವರ ಹಾಗೆ.
ಕಣ್ಣಲ್ಲೇ ಮಾತಾಡುವ ಆಕ್ಟೋಪಸ್ ದೂರದವನಂತೆ,
ಕೆಲಸದಲ್ಲಿ ಚುರುಕಾದ ಏಡಿ ಇನ್ನೂ ದೂರ.
ಈ ಮೂಗ ಚೀಲ ಮಾತ್ರ
ಕಾಡ್ ಮೀನು, ಕಡಲಹಕ್ಕಿ, ನಮ್ಮ ನಾಯಿ, ಊರ ಪಾದ್ರಿ,
ಇವರೆಲ್ಲ ಕೂತ ಪಂಕ್ತಿಯ ತುದಿಯಲ್ಲಿ.

ನಂಬಲಿಲ್ಲ. ಒಳಗೆ ಕರೆದು
ಸೂಕ್ಷ್ಮದರ್ಶಕಕ್ಕೆ ನನ್ನ ಕಣ್ಣು ಹಚ್ಚಿದರು.
ನಿನ್ನೆ ಬಟ್ಟಲಲ್ಲಿ ಹುಟ್ಟಿದ ಅದರ ಮರಿ:
ಗೊದಮೊಟ್ಟೆಯಂತೆ ಬಾಲ, ಒಂದು ಚುಕ್ಕೆ ಕಣ್ಣು,
ಬಾಲದುದ್ದಕ್ಕೂ, ಮೂಳೆ ಎಂಬುದಕ್ಕಿಂತ ಮೊದಲಿನ
ಒಂದು ಮೆತ್ತನೆ ಕೋಲು.
ನನ್ನ ಕೈ ತಾನಾಗಿ ಸೊಂಟದ ಹಿಂದಕ್ಕೆ ಹೋಯಿತು,
ಭರಣಿ ಎತ್ತಿ ಎತ್ತಿ ನೋಯುವ ಜಾಗಕ್ಕೆ.

"ಕೂತದ್ದನ್ನು ನೋಡಿ ಕುಲ ಹೇಳಬೇಡಿ," ಮೇಡಂ ಅಂದರು,
"ಈಜಿದ್ದನ್ನು ನೋಡಿ."
ಈಜುವುದು ಒಂದು ದಿನವಂತೆ, ಹೆಚ್ಚೆಂದರೆ ಎರಡು.
ಆಮೇಲೆ ಕಲ್ಲಿಗೆ ತಲೆ ಹಚ್ಚಿ
ಕೋಲು, ಬಾಲ, ಕಣ್ಣು, ಇದ್ದಷ್ಟು ಮಿದುಳು,
ಎಲ್ಲ ತಾನೇ ಕರಗಿಸಿ ತಿಂದು
ಅಲ್ಲೇ ಚೀಲವಾಗಿ ಕೂರುವುದಂತೆ.

ಯಾಕೋ ಸಿಟ್ಟು ಬಂತು.
ಹತ್ತೊಂಬತ್ತರಲ್ಲಿ ನಾನು ಹೆರ್ರಿಂಗ್ ದೋಣಿಯಲ್ಲಿ
ಗಾಳಿಗೆ ಮುಖ ಕೊಟ್ಟು ಹಗ್ಗ ಬಿಗಿದವಳು.
ಒಂದೇ ಚಳಿಗಾಲಕ್ಕೆಂದು ಇಲ್ಲಿ ಕೆಲಸಕ್ಕೆ ಸೇರಿದ್ದು.
"ಬಾಲ ರುಚಿಯಾಗಿತ್ತೇನು ಅಂತ ಕೇಳಿದ್ದೀರಾ?"
ಹುಡುಗರು ಹೋ ಎಂದು ನಕ್ಕರು.
ಮೇಡಂ ಕನ್ನಡಕ ತೆಗೆದು
ಒರೆಸಿದರು, ಒರೆಸಿದರು.

ಉಬ್ಬರ ತಿರುಗಿತು.
ಮೂರನೆಯ ಬಕೆಟ್ಟು ನಾನೇ ಒಯ್ದೆ.
ಸುರಿಯಲಿಲ್ಲ. ಒಂದೊಂದನ್ನೇ
ಕಲ್ಲು ಸಮೇತ, ಬಾಯಿ ಮೇಲಾಗಿ ಇಳಿಸಿದೆ.
ಕೊನೆಯದು ಕೈ ಬಿಡುವ ಮೊದಲು
ತೋಳುದ್ದಕ್ಕೂ ಉಗುಳಿತು.
ನೆಂಟರು. ಒರೆಸಿಕೊಂಡೆ.

ಹಿಂದೆ ದಡದಲ್ಲಿ ಗ್ಲಾಫೀರಾ
ಯಾವ ರಾಶಿಯಲ್ಲಿ ಇಟ್ಟೆನೋ ಎಂದು
ಇನ್ನೂ ಆ ಕೈಗವಸು ಹುಡುಕುತ್ತಿದ್ದಳು.